ಕಬ್ಬಿನಲ್ಲಿ ಚಿರತೆ ಮರಿ ಸಿಕ್ಕಿವೆ, ಬೋನು ಇಡಿಸಬೇಕಾ?

ಮೇಲುಕೋಟೆ ಪಕ್ಕದವ:
ನಮ್ಮದು ಪಾಂಡವಪುರ ತಾಲ್ಲೂಕು, ಬೆಟ್ಟದ ಕಡೆ ಎರಡು ಎಕರೆ ಕಬ್ಬು. ಇವತ್ತು ಅರ್ಧ ಕಡಿದಾಗ ತರಗಿನ ಮೇಲೆ ಎರಡು ಮರಿ ಕಂಡವು. ಕಣ್ಣು ಬಿಟ್ಟಿವೆ, ಮೈತುಂಬ ಮಸುಕು ಚುಕ್ಕೆ, ಹತ್ತಿರ ಹೋದರೆ ಬುಸ್ ಅನ್ನುತ್ತವೆ. ಆಳುಗಳು ಮಚ್ಚು ಅಲ್ಲೇ ಬಿಟ್ಟು ರಸ್ತೆಗೆ ಬಂದಿದ್ದಾರೆ. ಸಕ್ಕರೆ ಕಾರ್ಖಾನೆ ಕೊಟ್ಟ ಕಟಾವು ಪರ್ಮಿಟ್ ಈ ವಾರದ್ದು. ಕಡಿದ ಕಬ್ಬು ಒಣಗಿದರೆ ತೂಕ ಹೋಯ್ತು. ಪಕ್ಕದ ಗದ್ದೆಯವರು ಬೋನು ಇಡಿಸಿ ತಾಯಿನೂ ಸಾಗಿಸಿ ಅಂತಾರೆ. ಮಾಡಬಹುದಾ?

ಸುಮ್ನೆ ಓದುಗ:
ಮೊದಲು ಮರಿ ಯಾವುದು ಅಂತ ನೋಡಿ. ಕಾಡುಬೆಕ್ಕೂ ಕಬ್ಬಿನಲ್ಲಿ ಮರಿ ಹಾಕುತ್ತೆ. ದೂರದಿಂದ ಫೋಟೊ ತೆಗೆದು ಅರಣ್ಯ ಇಲಾಖೆಯ ವಲಯ ಅಧಿಕಾರಿಗೆ (ಆರ್‌ಎಫ್‌ಒ) ಕಳಿಸಿ.

ಜುನ್ನಾರ್ ನೋಡಿದವ:
ಬೋನು ಬೇಡ ಅಣ್ಣ. ಪುಣೆ ಜಿಲ್ಲೆಯ ಜುನ್ನಾರ್‌ನಲ್ಲೂ ನಿಮ್ಮ ಹಾಗೇ ಕಬ್ಬು, ಅಲ್ಲೂ ಚಿರತೆ. 2001ರಿಂದ ಹಿಡಿದು ಹಿಡಿದು ಬೇರೆ ಕಾಡಿಗೆ ಬಿಟ್ಟರು. ಬಿಟ್ಟ ಜಾಗದ ಸುತ್ತ ಜನರ ಮೇಲೆ ದಾಳಿ ಜಾಸ್ತಿಯಾಯ್ತು. ಇದರ ಬಗ್ಗೆ ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಜೊತೆಗಾರರ ಅಧ್ಯಯನ 2011ರಲ್ಲಿ ಪ್ರಕಟವಾಗಿದೆ. ತಾಯಿಯಿಂದ ಮರಿ ಕಿತ್ತುಕೊಂಡರಂತೂ ಅದು ಅಲ್ಲೇ ಸುತ್ತುತ್ತೆ, ಆಳುಗಳ ಗತಿ ಏನು?

ಇಲಾಖೆಯವರನ್ನು ಕರೆಸಿ. ಸಾಮಾನ್ಯವಾಗಿ ಮರಿಗಳನ್ನು ತರಕಾರಿ ಕ್ರೇಟಿನಲ್ಲಿಟ್ಟು, ತಾಯಿ ಉರುಳಿಸಿದರೆ ತೆರೆಯುವ ಹಾಗೆ, ಸಿಕ್ಕ ಜಾಗದಲ್ಲೇ ಕತ್ತಲಿಗೆ ಮುಂಚೆ ಇಡುತ್ತಾರೆ. ಪಕ್ಕದಲ್ಲಿ ಕ್ಯಾಮೆರಾ. ರಾತ್ರಿ ತಾಯಿ ಬಂದು ಕುತ್ತಿಗೆ ಹಿಡಿದು ಒಂದೊಂದಾಗಿ ಒಯ್ಯುತ್ತೆ. ಮೊದಲ ರಾತ್ರಿ ಬರದಿದ್ದರೆ ಮಾರನೇ ರಾತ್ರಿಯೂ ಇಡುತ್ತಾರೆ. ಅಲ್ಲಿವರೆಗೆ ನಿಂತ ಕಬ್ಬು ಮುಟ್ಟಬೇಡಿ, ತರಗಿಗೆ ಬೆಂಕಿ ಹಾಕಬೇಡಿ, ಯಾರೂ ಟಾರ್ಚ್ ಹಿಡಿದು ನಿಲ್ಲಬೇಡಿ. ಮುಂದೆ ಕಡಿಯುವಾಗ ಊರ ಕಡೆಯಿಂದ ಶುರು ಮಾಡಿ, ಬೆಟ್ಟದ ಕಡೆ ಬಿಡಿ. ನಾಲ್ಕೂ ಕಡೆಯಿಂದ ಕಡಿದರೆ ಪ್ರಾಣಿ ನಡುವೆ ಸಿಕ್ಕಿಕೊಳ್ಳುತ್ತೆ.

ಮೇಕೆ ಕಳೆದುಕೊಂಡವ:
ನಿಮಗೇನು, ಬರೆಯೋದು ಸುಲಭ. ನನ್ನ ಎರಡು ಮೇಕೆ ಹೋದವು. ಪರಿಹಾರದ ಅರ್ಜಿ ಇನ್ನೂ ಟೇಬಲ್ ಮೇಲೇ ಇದೆ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 1,879 ಚಿರತೆ, ಅದೂ ಹೆಚ್ಚಾಗಿ ಕಾಡಿನದ್ದು. ಗದ್ದೆಯಲ್ಲಿ ಸಾಕುತ್ತಿರೋದು ನಾವು, ಅಲ್ವಾ?

ಜುನ್ನಾರ್ ನೋಡಿದವ:
ನಿಮ್ಮ ಸಿಟ್ಟು ಸರಿ. ಪರಿಹಾರ ಬೇಗ ಬರದೆ ರೈತ ಯಾಕೆ ಸುಮ್ಮನಿರಬೇಕು? ಆದರೆ ಕೊಟ್ಟಿಗೆಗೆ ಬಾಗಿಲು, ಜಾಲರಿ ಹಾಕೋದು ಬೋನಿಗಿಂತ ಜಾಸ್ತಿ ಕೆಲಸ ಮಾಡುತ್ತೆ.

ಮೇಲುಕೋಟೆ ಪಕ್ಕದವ:
ಗಾರ್ಡ್ ಬಂದರು, ಚಿರತೆನೇ ಅಂದರು. ಕ್ರೇಟ್ ಇಟ್ಟಿದ್ದಾರೆ. ಆಳುಗಳಿಗೆ ನಾಳೆ ರಜೆ, ಕೂಲಿ ನಾನೇ ಕೊಡಬೇಕು. ಪರ್ಮಿಟ್ ಎರಡು ದಿನ ಮುಂದೂಡೋಕೆ ಗಾರ್ಡ್ ಒಂದು ಚೀಟಿ ಬರೆದುಕೊಟ್ಟರೆ ಕಾರ್ಖಾನೆಯವರು ಒಪ್ಪುತ್ತಾರಾ? ಯಾರಿಗಾದರೂ ಹಾಗೆ ಆಗಿದ್ದರೆ ಹೇಳಿ.