ರಿಪೇರಿ ಜಾಸ್ತಿ ಇರುವ ಹಳೇ ಮನೆಗೆ ಕೈ ಹಾಕಬಹುದಾ? ಅನುಭವ ಇದ್ದವರು ಹೇಳಿ

ನಾನು, ನಮ್ಮ ಮನೆಯವರು ಒಂದು ಹಳೇ ಮನೆ ನೋಡಿದ್ದೇವೆ. ಗಾಳಿ ಬೆಳಕು ಚೆನ್ನಾಗಿದೆ, ಬೆಲೆಯೂ ನಮ್ಮ ಕೈಗೆಟುಕುವಂತಿದೆ. ಆದರೆ ಹಿಂದಿನ ಕೋಣೆಯಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಬಚ್ಚಲುಮನೆ ಪಕ್ಕದ ಗೋಡೆಯಲ್ಲಿ ತೇವ. ಒಂದು ಕಡೆ ತಾರಸಿಯ ಒಳಭಾಗ ಉದುರಿ ಕಂಬಿ ಕಾಣುತ್ತಿದೆ. ಮಾರುವವರು "ಒಂದು ಕೋಟ್ ಬಣ್ಣ ಹೊಡೆಸಿ, ಎಲ್ಲ ಸರಿಹೋಗುತ್ತೆ" ಅನ್ನುತ್ತಾರೆ. ನಮ್ಮ ಮನೆಯವರಿಗೆ ಆಸೆ, ನನಗೆ ಭಯ.

* * *

ಇಂಥದ್ದೇ ಮನೆ ಕೊಂಡು ಆರು ವರ್ಷ ಆಯಿತು, ಇನ್ನೂ ಅಲ್ಲೇ ಇದ್ದೇವೆ. ಹಾಗಾಗಿ ಹೆದರಿಸುವುದಿಲ್ಲ. ಬಣ್ಣದ ಮಾತು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ.

ಬಿರುಕು ಇನ್ನೂ ಬೆಳೆಯುತ್ತಿದೆಯಾ ಅಂತ ಮೊದಲು ತಿಳಿಯಬೇಕು. ನಮ್ಮ ಇಂಜಿನಿಯರ್ ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದರು. ನಡುವೆ ತೆಳು ಗಾಜಿನ ಪಟ್ಟಿಯೊಂದನ್ನು ಅಡ್ಡಕ್ಕೆ ಅಂಟಿಸಿದರು. ಗೋಡೆ ಸರಿಯುತ್ತಿದ್ದರೆ ಗಾಜು ಒಡೆಯುತ್ತೆ. ಮೂರು ತಿಂಗಳು ಕಾದೆವು, ಒಡೆಯಲಿಲ್ಲ. ಪಾಯ ಯಾವತ್ತೋ ಕುಸಿದು, ಅಲ್ಲಿಗೇ ನಿಂತಿತ್ತು. ಮಾರುವವರಿಗೆ ಅರ್ಜೆಂಟ್ ಇರಲಿಲ್ಲ, ಅದೇ ನಮ್ಮ ಅದೃಷ್ಟ.

ಕೂದಲೆಳೆಯಂಥ ಬಿರುಕು ಸಾಮಾನ್ಯವಾಗಿ ಬರೀ ಗಾರೆಯದ್ದು. ಬಿರುಕಿನ ಅಗಲ 5 ಮಿಲಿಮೀಟರ್ ದಾಟಿದ್ದರೆ, ಬಾಗಿಲು ಕಿಟಕಿ ಸಿಕ್ಕಿಕೊಳ್ಳುತ್ತಿದ್ದರೆ, ಪಾಯ ನೋಡಿಸಲೇಬೇಕು. ಮಾರುವವರು ಕರೆತರುವ ಇಂಜಿನಿಯರ್ ಬೇಡ. ನೀವೇ ದುಡ್ಡು ಕೊಟ್ಟು ಕರೆಸಿ.

* * *

ನನಗೆ ಬಿರುಕಿಗಿಂತ ಆ ತೇವದ್ದೇ ಚಿಂತೆ. ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಬೆಲೆ ಮಾತಾಡಬೇಡಿ. ಎಲ್ಲ ನಲ್ಲಿ ಬಂದ್ ಮಾಡಿ, ಟ್ಯಾಂಕ್ ತುಂಬದ ಹೊತ್ತಲ್ಲಿ ನೀರಿನ ಮೀಟರ್ ನೋಡಿ. ಆಗಲೂ ತಿರುಗುತ್ತಿದ್ದರೆ ಎಲ್ಲೋ ಪೈಪ್ ಸೋರುತ್ತಿದೆ. ತಿರುಗದಿದ್ದರೂ ನಿಶ್ಚಿಂತೆ ಇಲ್ಲ, ಕೊಳಚೆ ಪೈಪ್ ಸೋರಿದರೆ ಮೀಟರಿಗೆ ಗೊತ್ತಾಗುವುದಿಲ್ಲ. ತೇವ ನೆಲದಿಂದ ಒಂದು ಮೀಟರ್ ಒಳಗೇ ನಿಂತು, ಮೇಲಂಚಿನಲ್ಲಿ ಬಿಳಿ ಉಪ್ಪು ಕಂಡರೆ, ಗೋಡೆ ನೆಲದ ನೀರನ್ನೇ ಹೀರುತ್ತಿರಬಹುದು.

ನಾನು ಇದ್ಯಾವುದೂ ನೋಡದೆ ಹಳೇ ಗಾರೆ ಕಿತ್ತು ಹೊಸದು ಮಾಡಿಸಿದೆ. ವರ್ಷ ತುಂಬುವುದರೊಳಗೆ ಅದೇ ಜಾಗದಲ್ಲಿ ಅದೇ ಆಕಾರದ ಕಲೆ, ಕರೆಯದೆ ಬಂದ ನೆಂಟನ ಹಾಗೆ.

* * *

ಕಂಬಿ ಬಗ್ಗೆ ಹೇಳುತ್ತೇನೆ. ತುಕ್ಕು ಹಿಡಿದರೆ ಕಬ್ಬಿಣ ಊದಿಕೊಂಡು ಕಾಂಕ್ರೀಟನ್ನು ಒಳಗಿಂದಲೇ ಒಡೆಯುತ್ತೆ. ಮೇಸ್ತ್ರಿ ಸುಮ್ನೆ ಸಿಮೆಂಟ್ ಮೆತ್ತಿ ಹೋದರೆ ಮತ್ತೆ ಉದುರುತ್ತೆ. ಸಡಿಲ ಇರುವುದನ್ನೆಲ್ಲ ಕೆತ್ತಿ, ಕಂಬಿಯ ಹಿಂಬದಿವರೆಗೂ ಬಿಡಿಸಿ, ತುಕ್ಕು ಉಜ್ಜಿ ತೆಗೆದು, ತುಕ್ಕು ತಡೆಯುವ ಲೇಪ ಹಚ್ಚಿ, ಆಮೇಲೆ ಪಾಲಿಮರ್ ಗಾರೆ (ಚೆನ್ನಾಗಿ ಹಿಡಿಯಲಿ ಅಂತ ಪಾಲಿಮರ್ ಅಂಟು ಬೆರೆಸಿದ ಸಿಮೆಂಟ್ ಗಾರೆ) ತುಂಬಬೇಕು. ಕಂಬಿ ಸವೆದಿದ್ದರೆ ಪಕ್ಕಕ್ಕೆ ಹೊಸ ಕಂಬಿ. ಎಷ್ಟು ಹಾಳಾಗಿದೆ ಅಂತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿಸಿ, ಟೊಳ್ಳು ಸದ್ದು ಬಂದ ಕಡೆಯೆಲ್ಲ ಕೆಲಸ ಇದೆ. ನಮ್ಮಲ್ಲಿ ಕಣ್ಣಿಗೆ ಕಂಡದ್ದು ಒಂದು ಚಾಪೆಯಷ್ಟು. ತಟ್ಟಿದ ಮೇಲೆ ಅರ್ಧ ಕೋಣೆ ಆಯಿತು!

* * *

ವೈರಿಂಗ್ ಯಾರೂ ಹೇಳಲಿಲ್ಲ ಅಲ್ವಾ? ನಾವು ಬಣ್ಣ ಎಲ್ಲ ಮುಗಿಸಿ ಕೂತ ಮೇಲೆ ಅರ್ಥಿಂಗೇ ಇಲ್ಲ ಅಂತ ಗೊತ್ತಾಯಿತು. ಹೊಚ್ಚ ಹೊಸ ಗೋಡೆಯನ್ನು ಮತ್ತೆ ಕೊರೆಸಿದೆವು. ಸೋರುವುದು ನಿಲ್ಲಲಿ, ಗೋಡೆ ತಾರಸಿ ಗಟ್ಟಿಯಾಗಲಿ, ಪೈಪು ವೈರು ಒಳಗೆ ಹೋಗಲಿ, ಆಮೇಲೆ ಗಾರೆ. ಗೋಡೆ ಒಣಗುವವರೆಗೆ ಬಣ್ಣದ ಡಬ್ಬ ಮನೆಗೆ ತರಬೇಡಿ. ಅಂದಾಜಿನ ಮೇಲೆ ಕಾಲು ಭಾಗ ಜಾಸ್ತಿ ದುಡ್ಡು ಇಟ್ಟುಕೊಳ್ಳಿ.

* * *

ಕಾಲು ಭಾಗವಾ? ನಮಗೆ ಅರ್ಧ ಭಾಗ ಜಾಸ್ತಿ ಆಯಿತು. ರಿಪೇರಿ ನಡೆಯುವಾಗ ಅಲ್ಲೇ ವಾಸ ಮಾಡಬೇಡಿ, ಅಷ್ಟೇ.

* * *

ಕೇಳಿದವಳು ನಾನೇ. ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹೋಗಿ ನಲ್ಲಿಗಳನ್ನೆಲ್ಲ ಬಂದ್ ಮಾಡಿ ಮೀಟರ್ ಮುಂದೆ ಕೂತೆವು. ಸಣ್ಣ ಮುಳ್ಳು ನಿಧಾನಕ್ಕೆ ತಿರುಗುತ್ತಲೇ ಇತ್ತು. ಮಾರುವವರು ಬಣ್ಣದ ಮಾತು ಎತ್ತಲಿಲ್ಲ. ಬರುವ ವಾರ ನಮ್ಮ ಕಡೆಯ ಇಂಜಿನಿಯರ್ ಬರುತ್ತಾರೆ. ಗಾಜಿನ ಪಟ್ಟಿ ಆಗಲೇ ತಂದಿಟ್ಟಿದ್ದೇನೆ.