ಮನೆಯಲ್ಲೇ ಬೈಕ್, ಕಾರ್ ಕೆಲಸಕ್ಕೆ ಪಾನಾ ಸೆಟ್: ಯಾವ ಬ್ರ್ಯಾಂಡ್? ಲೈಫ್‌ಟೈಮ್ ವಾರಂಟಿ ನೋಡಿ ತಗೊಳ್ಳಬಹುದಾ?

ದಾವಣಗೆರೆ ಸವಾರ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕಾರ್ಬ್ಯುರೇಟರ್ ಇರುವ ಹಳೇ ಸ್ಪ್ಲೆಂಡರ್ ಇದೆ, ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಕೂಡ ತಗೊಂಡೆ. ಆಯಿಲ್ ಬದಲಾಯಿಸುವುದು, ಚೈನ್ ಬಿಗಿ ಮಾಡುವುದು, ಪ್ಲಗ್, ಏರ್ ಫಿಲ್ಟರ್, ಮುಂದೆ ಕೈ ಪಳಗಿದ ಮೇಲೆ ಬ್ರೇಕ್ ಪ್ಯಾಡ್ ಇವೆಲ್ಲ ಮನೆಯಲ್ಲೇ ಮಾಡಬೇಕು ಅಂತ ತುಂಬಾ ಆಸೆ. ಬಜೆಟ್ ಐದಾರು ಸಾವಿರ.

ಆನ್‌ಲೈನ್‌ನಲ್ಲಿ ನೋಡಿದರೆ ನೂರೆಂಟು ಪೀಸ್ ಇರುವ ಡಬ್ಬಿ ಸಿಗುತ್ತದೆ, ಹೆಸರೇ ಕೇಳದ ಬ್ರ್ಯಾಂಡ್, ಮೇಲೆ ದೊಡ್ಡದಾಗಿ ಲೈಫ್‌ಟೈಮ್ ವಾರಂಟಿ ಅಂತ ಬರೆದಿರುತ್ತಾರೆ. ಅದೇ ದುಡ್ಡಿಗೆ ತಪಾರಿಯಾ ಅಥವಾ ಸ್ಟ್ಯಾನ್ಲಿ ತಗೊಂಡರೆ ಪೀಸ್ ತುಂಬಾ ಕಡಿಮೆ ಬರುತ್ತವೆ. ಲೈಫ್‌ಟೈಮ್ ಅಂದರೆ ಯಾರ ಲೈಫ್, ನನ್ನದಾ, ಪಾನಾದ್ದಾ, ಕಂಪನಿಯದ್ದಾ? ಮುರಿದರೆ ನಿಜವಾಗಿಯೂ ಬದಲಾಯಿಸಿ ಕೊಡುತ್ತಾರಾ? ಬಳಸಿ ಗೊತ್ತಿರುವವರು ಹೇಳಿ.

ಐಟಿಐ ಮೈಸೂರು:

ಸರ್, ಮೊದಲು ಪೀಸ್ ಲೆಕ್ಕ ಬಿಡಿ. ನೂರೆಂಟರಲ್ಲಿ ಅರ್ಧಕ್ಕಿಂತ ಜಾಸ್ತಿ ಸಣ್ಣ ಸಣ್ಣ ಬಿಟ್‌ಗಳೇ, ಅಂದರೆ ಸ್ಕ್ರೂಡ್ರೈವರ್ ತುದಿಗಳೇ ಇರುತ್ತವೆ. ನಿಮ್ಮ ಎರಡೂ ಗಾಡಿಯ ಈ ಕೆಲಸಗಳಿಗೆ 8, 10, 12, 14, 17, 19 ಎಂಎಂ ಇಷ್ಟು ಸೈಜ್ ಇದ್ದರೆ ಬಹುಪಾಲು ನಡೆಯುತ್ತದೆ. ಈ ಆರು ಸೈಜ್ ಚೆನ್ನಾಗಿರುವುದು ತಗೊಳ್ಳಿ.

ವಾರಂಟಿ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ವಾರಂಟಿ ಇರುವುದು ಪಾನಾಕ್ಕೆ. ಅದು ಸ್ಲಿಪ್ ಆಗಿ ನಿಮ್ಮ ನಟ್‌ನ ಮೂಲೆ ಸವೆದು ರೌಂಡ್ ಆದರೆ ಅದಕ್ಕೆ ಯಾವ ಕಂಪನಿಯೂ ಹೊಣೆ ಅಲ್ಲ. ಸ್ಪ್ಲೆಂಡರ್ ಎಂಜಿನ್ ಕೆಳಗಿನ ಆಯಿಲ್ ಡ್ರೈನ್ ಬೋಲ್ಟ್ 17ರದ್ದು, ಅದು ಕೂರುವುದು ಅಲ್ಯುಮಿನಿಯಂ ಕೇಸ್‌ನಲ್ಲಿ. ತಲೆ ಸವೆದರೆ ಚಿಸೆಲ್ ಇಟ್ಟು ಹೊಡೆದು ಬಿಚ್ಚಬೇಕು, ಥ್ರೆಡ್ ಹೋದರೆ ಲೇತ್ ಅಂಗಡಿಗೆ ಹೋಗಬೇಕು. ಆ ಖರ್ಚಿನ ಮುಂದೆ ಪಾನಾದ ಬೆಲೆ ಏನೂ ಅಲ್ಲ. ಅದಕ್ಕೇ ಮುರಿದರೆ ಏನು ಕೊಡುತ್ತಾರೆ ಅನ್ನುವುದಕ್ಕಿಂತ ನಟ್ ಮೇಲೆ ಹೇಗೆ ಕೂರುತ್ತದೆ ಅನ್ನುವುದನ್ನು ನೋಡಿ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ 10ರ ಮತ್ತು 14ರ ಹೊಸ ಬೋಲ್ಟ್ ಒಂದೊಂದು ಇಟ್ಟುಕೊಂಡು ಹೋಗಿ. ಪಾನಾ ಹಾಕಿ ಅಲ್ಲಾಡಿಸಿ ನೋಡಿ. ಸುಲಭವಾಗಿ ಒಳಗೆ ಹೋಗಬೇಕು, ಆದರೆ ಲೊಡಲೊಡ ಅನ್ನಬಾರದು. ಸಾಕೆಟ್, ಅಂದರೆ ನಟ್ ಮೇಲೆ ಟೋಪಿ ಥರ ಕೂರುವ ಪಾನಾ ಆದರೆ ಬಾಯಿ ಒಳಗೆ ಬೆರಳು ಆಡಿಸಿ. ಕೆಲವು ಅಗ್ಗದ ಸಾಕೆಟ್‌ಗಳಲ್ಲಿ ಬಾಯಿ ಅಂಚನ್ನು ಒಳಮುಖವಾಗಿ ತುಂಬಾ ಇಳಿಜಾರು ಮಾಡಿರುತ್ತಾರೆ, ಬೋಲ್ಟ್ ತಲೆ ತೆಳ್ಳಗಿದ್ದರೆ ಹಿಡಿತ ಸಿಗುವುದು ತುದಿಯಲ್ಲಿ ಮಾತ್ರ, ಜಾಸ್ತಿ ಬಲ ಹಾಕಿದ ಕೂಡಲೇ ಜಾರುತ್ತದೆ. ಸಾಕೆಟ್ ಆರು ಮೂಲೆಯದ್ದೇ ಕೇಳಿ. ಹನ್ನೆರಡು ಮೂಲೆಯದ್ದು ಇಕ್ಕಟ್ಟಿನ ಜಾಗದಲ್ಲಿ ಹಾಕಲು ಸುಲಭ, ಆದರೆ ತುಕ್ಕು ಹಿಡಿದ ನಟ್‌ಗೆ ಆರು ಮೂಲೆಯೇ ಸರಿ. ಕ್ರೋಮ್ ವೆನೇಡಿಯಂ ಅಂತ ಮೈಮೇಲೆ ಅಚ್ಚು ಇದ್ದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ, ಸ್ಟೀಲ್ ಅದೇ ಇದ್ದರೂ ಹದ ಮಾಡುವಾಗ ಕೆಟ್ಟರೆ ಬಾಯಿ ಅಗಲ ಆಗುತ್ತದೆ ಇಲ್ಲ ಬಿರುಕು ಬಿಡುತ್ತದೆ.

ಬ್ರ್ಯಾಂಡ್ ಕೇಳಿದಿರಿ. ತಪಾರಿಯಾ 1969ರಿಂದ ನಮ್ಮ ದೇಶದಲ್ಲೇ ಹ್ಯಾಂಡ್ ಟೂಲ್ಸ್ ಮಾಡುತ್ತಿದೆ, ಶುರುವಿನಲ್ಲಿ ಸ್ವೀಡನ್ ಕಂಪನಿಯ ತಾಂತ್ರಿಕ ನೆರವಿತ್ತು. ಅದರ ಕಟಿಂಗ್ ಪ್ಲೇಯರ್, ಡಬಲ್ ಎಂಡ್ ಪಾನಾ, ರಿಂಗ್ ಪಾನಾ ಕಣ್ಣುಮುಚ್ಚಿ ತಗೊಳ್ಳಿ, ಅಸಲಿ ಆಗಿದ್ದರೆ. ಲೂಧಿಯಾನಾ, ಜಲಂಧರ್ ಕಡೆಯಿಂದ ಬರುವ ಮಾಲಿನಲ್ಲೂ ಒಳ್ಳೆಯದು ಬಹಳ ಇದೆ, ಹೊರದೇಶಕ್ಕೂ ಅಲ್ಲಿಂದಲೇ ಹೋಗುತ್ತದೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಸ್ಪ್ಲೆಂಡರ್ ಮೂಲದಲ್ಲಿ ಹೋಂಡಾ ಡಿಸೈನ್. ಕಾರ್ಬ್ಯುರೇಟರ್ ಬಟ್ಟಲಿನ ಸ್ಟಾರ್ ಸ್ಕ್ರೂ ತಲೆ ಮೇಲೆ ಒಂದು ಚಿಕ್ಕ ಚುಕ್ಕಿ ಇದೆಯಾ ನೋಡಿ. ಇದ್ದರೆ ಅದು ಜಪಾನಿ ಅಳತೆಯ ಸ್ಕ್ರೂ. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ತಿರುಗಿಸಿದಾಗ ಮೇಲಕ್ಕೆ ಎದ್ದು ಬಂದು ತಲೆ ಕಿತ್ತುಹಾಕುತ್ತದೆ. ಜಪಾನಿನ ವೆಸೆಲ್ ಬ್ರ್ಯಾಂಡಿನ ಎರಡನೇ ನಂಬರ್ ಸ್ಕ್ರೂಡ್ರೈವರ್ ಒಂದೇ ಒಂದು ತರಿಸಿಕೊಳ್ಳಿ. ಇಡೀ ಪೆಟ್ಟಿಗೆಯಲ್ಲಿ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಜೆಸಿ ರೋಡ್ ಗಿರಾಕಿ:

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ, ಆದರೆ ವಾರಂಟಿಯನ್ನು ಪೂರಾ ಬಿಟ್ಟುಬಿಡಬೇಡಿ. ಲೈಫ್‌ಟೈಮ್ ಅಂದರೆ ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ. ಬಿರುಕು, ಕ್ರೋಮ್ ಪದರ ಏಳುವುದು, ಬಾಯಿ ತೆರೆದುಕೊಳ್ಳುವುದು ಇಂಥವು. ಬಳಸಿ ಸವೆದದ್ದು, ಪೈಪ್ ಸಿಕ್ಕಿಸಿ ಉದ್ದ ಮಾಡಿ ಎಳೆದದ್ದು, ಸುತ್ತಿಗೆ ಪೆಟ್ಟು ತಿಂದದ್ದು ಲೆಕ್ಕಕ್ಕೆ ಬರುವುದಿಲ್ಲ, ಆ ಗುರುತು ನೋಡಿದರೆ ಅವರಿಗೆ ಗೊತ್ತಾಗಿಬಿಡುತ್ತದೆ. ಬಿಟ್, ಹ್ಯಾಕ್ಸಾ ಬ್ಲೇಡ್ ಸವೆಯುವ ಸಾಮಾನು, ಅವು ಸಾಮಾನ್ಯವಾಗಿ ಹೊರಗೆ. ಸಾಕೆಟ್ ತಿರುಗಿಸುವ ಹಿಡಿ ರ‍್ಯಾಚೆಟ್ ಒಳಗೆ ಹಲ್ಲು, ಸ್ಪ್ರಿಂಗ್ ಇರುತ್ತದೆ, ಅದಕ್ಕೆ ಬೇರೆ ಷರತ್ತು ಇದೆಯಾ ಕೇಳಿ.

ನಾನು ಬ್ರ್ಯಾಂಡ್ ಹೆಸರಿಗಿಂತ ಅಂಗಡಿಯವರನ್ನು ನೋಡುತ್ತೇನೆ. ಇಲ್ಲಿ ಬೆಂಗಳೂರಿನ ಎಸ್‌ಜೆಪಿ ರೋಡ್, ಜೆಸಿ ರೋಡ್ ಕಡೆ ಹಳೇ ಅಂಗಡಿಗಳಿವೆ, ನಿಮ್ಮ ಊರಲ್ಲೂ ಗ್ಯಾರೇಜಿನವರು ಹೋಗುವ ಒಂದು ಹಾರ್ಡ್‌ವೇರ್ ಅಂಗಡಿ ಇದ್ದೇ ಇರುತ್ತದೆ. ತಗೊಳ್ಳುವ ಮೊದಲೇ ಕೇಳಿ: ಅಣ್ಣಾ, ಬಿರುಕು ಬಿಟ್ಟರೆ ನೀವೇ ಬದಲಾಯಿಸಿ ಕೊಡುತ್ತೀರಾ, ಕಂಪನಿಗೆ ಕಳಿಸುತ್ತೀರಾ? ಡೀಲರ್ ಅಲ್ಲೇ ಪೀಸ್ ಕೊಟ್ಟು ಆಮೇಲೆ ಕಂಪನಿ ಜೊತೆ ಲೆಕ್ಕ ಮಾಡಿಕೊಳ್ಳುತ್ತಾನೆ ಅಂದರೆ ಅದು ನಿಜವಾದ ವಾರಂಟಿ. ಆನ್‌ಲೈನ್‌ನಲ್ಲಿ ತಗೊಂಡ ಒಂದು ಸಾಕೆಟ್ ಸೀಳಿದಾಗ ನನಗೆ ಸಿಕ್ಕಿದ್ದು ಮಾರುವವನ ಒಂದು ಇಮೇಲ್ ಮಾತ್ರ, ಅದಕ್ಕೆ ಉತ್ತರವೇ ಬರಲಿಲ್ಲ.

ಡಬ್ಬಿ ಮೇಲೆ ಏನಿದೆ ಓದಿ. 2011ರ ಲೀಗಲ್ ಮೆಟ್ರಾಲಜಿ ನಿಯಮದ ಪ್ರಕಾರ ತಯಾರಕರು ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ದೂರು ಕೊಡಲು ಫೋನ್ ಅಥವಾ ಇಮೇಲ್ ಎಲ್ಲ ಇರಲೇಬೇಕು. ಅದೇ ಇಲ್ಲ ಅಂದರೆ ಲೈಫ್‌ಟೈಮ್ ಅಂತ ಎಷ್ಟು ದಪ್ಪಕ್ಷರದಲ್ಲಿ ಬರೆದರೂ ಕೇಳೋಕೆ ಯಾರೂ ಇಲ್ಲ. ಜಿಎಸ್‌ಟಿ ಬಿಲ್ ತಗೊಳ್ಳಿ, ಅವತ್ತೇ ಫೋಟೊ ತೆಗೆದಿಡಿ, ಆ ನುಣುಪು ಕಾಗದದ ಬಿಲ್ ಬೇಗ ಮಾಸಿಹೋಗುತ್ತದೆ. ವಾರಂಟಿ ಇದ್ದೂ ಸತಾಯಿಸಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಕಾಯ್ದೆ ಬಂದ ಮೇಲೆ ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಮಾರಿದವನು ಎಲ್ಲೇ ಇರಲಿ.

ಮಿಷಿಗನ್ ಕನ್ನಡಿಗ:

ಲೈಫ್‌ಟೈಮ್ ಅನ್ನುವ ಮಾತಿಗೆ ಇಲ್ಲಿ ದೊಡ್ಡ ಇತಿಹಾಸ ಇದೆ, ಅದಕ್ಕೆ ಬರೆಯುತ್ತಿದ್ದೇನೆ. ಸಿಯರ್ಸ್ ಅಂಗಡಿ 1927ರಿಂದ ಕ್ರಾಫ್ಟ್ಸ್‌ಮನ್ ಬ್ರ್ಯಾಂಡ್ ಮಾರುತ್ತಿತ್ತು. ಮುರಿದ ಪಾನಾ ತಗೊಂಡು ಕೌಂಟರ್‌ಗೆ ಹೋದರೆ ಬಿಲ್ ಕೂಡ ಕೇಳದೆ ಹೊಸದು ಕೊಡುತ್ತಿದ್ದರು, ಅಪ್ಪನ ಪಾನಾ ಮಗ ತಂದರೂ ಸರಿ. ಆಮೇಲೆ ಸಿಯರ್ಸ್ ಅಂಗಡಿಗಳು ಒಂದೊಂದಾಗಿ ಮುಚ್ಚಿದವು, 2017ರಲ್ಲಿ ಬ್ರ್ಯಾಂಡನ್ನು ಸ್ಟ್ಯಾನ್ಲಿ ಬ್ಲ್ಯಾಕ್ ಆಂಡ್ ಡೆಕ್ಕರ್ ಕೊಂಡುಕೊಂಡಿತು. ಬ್ರ್ಯಾಂಡ್ ಉಳಿಯಿತು, ಆದರೆ ಜನ ನೆಚ್ಚಿಕೊಂಡಿದ್ದ ಆ ಕೌಂಟರ್ ಹೋಯಿತು. ಈಗ ಆ ಥರ ಎದುರಿಗೇ ಬದಲಾಯಿಸಿಕೊಡುವ ಹೆಸರು ಹಾರ್ಬರ್ ಫ್ರೈಟ್ ಅನ್ನುವ ಅಂಗಡಿಯದ್ದು, ಅದರ ಹ್ಯಾಂಡ್ ಟೂಲ್ಸ್ ಅಗ್ಗ ಕೂಡ. ಸ್ನ್ಯಾಪ್ ಆನ್ ಅನ್ನುವ ದುಬಾರಿ ಬ್ರ್ಯಾಂಡಿನವರ ವ್ಯಾನ್ ಗ್ಯಾರೇಜ್ ಬಾಗಿಲಿಗೇ ಬರುತ್ತದೆ, ಆದರೆ ಆ ಬೆಲೆ ದಿನಾ ಅದರಲ್ಲೇ ದುಡಿಯುವವರಿಗೆ.

ಒಂದು ಮಾತು. ಅಮೆರಿಕದಿಂದ ಬರುವ ನೆಂಟರಿಗೆ ಪಾನಾ ಸೆಟ್ ತರಲು ಹೇಳಬೇಡಿ. ಅದರಲ್ಲಿ ಸುಮಾರು ಪೀಸ್ ಇಂಚಿನ ಅಳತೆಯವು, 7/16, 9/16 ಅಂತ, ನಿಮ್ಮ ಗಾಡಿಗೆ ಬರುವುದಿಲ್ಲ. ವಾರಂಟಿಗೂ ಇಲ್ಲಿನ ಅಂಗಡಿಗೇ ಬರಬೇಕು.

ದಾವಣಗೆರೆ ಸವಾರ:

ಎಲ್ಲರಿಗೂ ತುಂಬಾ ಧನ್ಯವಾದ. ನೂರೆಂಟು ಪೀಸ್ ಡಬ್ಬಿ ಕೈಬಿಟ್ಟೆ. ಮೈಸೂರಿನ ಸರ್, ಉಳಿದ ದುಡ್ಡಿಗೆ ಟಾರ್ಕ್ ರೆಂಚ್ (ಎಷ್ಟು ಬಿಗಿ ಬೇಕೋ ಅಷ್ಟಕ್ಕೇ ಅಳತೆ ಇಟ್ಟು ಬಿಗಿ ಮಾಡುವುದು) ಬರುತ್ತದಾ? ಎರಡೂ ಗಾಡಿಗೆ ಒಂದೇ ಸಾಕಾ?

ಐಟಿಐ ಮೈಸೂರು:

ಒಂದೇ ಸಾಲದು ಸರ್. ಸಾಕೆಟ್ ಕೂರುವ ಚೌಕ ತುದಿ ಅರ್ಧ ಇಂಚು ಇರುವುದು ಸ್ವಿಫ್ಟ್ ಚಕ್ರದ ನಟ್‌ಗೆ ಸರಿ, ಆದರೆ ಅಳತೆಯ ಕೆಳತುದಿಯಲ್ಲಿ ಅದನ್ನು ನಂಬಬೇಡಿ. ಬೈಕಿನ ಸಣ್ಣ ಬೋಲ್ಟ್‌ಗೆ 3/8 ಇಂಚಿನದ್ದು ಬೇಕು. ನೀವು ಮೊದಲು ಮಾಡುವುದು ಡ್ರೈನ್ ಬೋಲ್ಟ್ ಅಲ್ವಾ, ಹಾಗಾದರೆ 3/8ರದ್ದೇ ಮೊದಲು ತಗೊಳ್ಳಿ, ಎಷ್ಟು ಬಿಗಿ ಅನ್ನುವುದು ಸರ್ವೀಸ್ ಮ್ಯಾನ್ಯುಯಲ್‌ನಲ್ಲಿದೆ. ಇದಕ್ಕೆ ಲೈಫ್‌ಟೈಮ್ ವಾರಂಟಿ ಹುಡುಕಬೇಡಿ, ಅಳತೆಯ ಸಾಮಾನು ಇದು. ಟಾರ್ಕ್ ರೆಂಚ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6789 ಪ್ರಕಾರ 12 ತಿಂಗಳು ಅಥವಾ 5000 ಸಲ ಬಳಸಿದ ಮೇಲೆ ಪರೀಕ್ಷೆ ಮಾಡಿಸಬೇಕು. ಮನೆ ಬಳಕೆಗೆ ಅಷ್ಟು ಬಾರಿ ಆಗುವುದಿಲ್ಲ, ಆದರೆ ಕೆಲಸ ಮುಗಿದ ಮೇಲೆ ಹಿಡಿ ತಿರುಗಿಸಿ ಕನಿಷ್ಠ ಅಳತೆಗೆ ತಂದೇ ಒಳಗಿಡಿ, ಬಿಗಿಯಲ್ಲೇ ಬಿಟ್ಟರೆ ಸ್ಪ್ರಿಂಗ್ ಸೋಲುತ್ತದೆ. ನಟ್ ಬಿಚ್ಚಲು ಅದನ್ನು ಬಳಸಲೇಬೇಡಿ, ಬಿಚ್ಚುವುದಕ್ಕೆ ರಿಂಗ್ ಪಾನಾ ಇದೆ.