ಅಜ್ಜನ ಕ್ಯಾಸೆಟ್ಟುಗಳಿಗೆ ಎರಡು ಮನೆ ಬೇಕು

(ನಮ್ಮ ಆರು ಮನೆಗಳ ಕುಟುಂಬದ ಗುಂಪಿನಲ್ಲಿ ನಡೆದ ಮಾತುಕತೆ.)

ಬೆಂಗಳೂರು ಅಣ್ಣ: ಎಲ್ಲರ ಫೋಟೋ, ವಿಡಿಯೋಗಳನ್ನು ಒಂದೆಡೆ ಇಡುವ ಸರ್ವರ್‌ಗೆಂದು ಎಲ್ಲರೂ ಕಳಿಸಿದ ಹಣ ಒಟ್ಟು 1,20,000 ರೂಪಾಯಿ ನನ್ನ ಖಾತೆಗೆ ಬಂದಿದೆ. ನಾಲ್ಕು ಖಾನೆಯ ಪೆಟ್ಟಿಗೆ, 8 ಟಿಬಿಯ ನಾಲ್ಕು ಡಿಸ್ಕ್, ರೇಡ್ 5 (ಡಿಸ್ಕ್‌ಗಳು ಒಂದಕ್ಕೊಂದು ಆಸರೆಯಾಗಿರುವ ಜೋಡಣೆ) ಎಂದು ಯೋಚಿಸಿದ್ದೇನೆ. ಒಂದು ಡಿಸ್ಕ್ ಕೆಟ್ಟರೂ ಏನೂ ಹೋಗುವುದಿಲ್ಲ. 24 ಟಿಬಿ ಜಾಗ ಸಿಗುತ್ತದೆ. ಫೋಟೋ, ಸಿನಿಮಾ ಎಲ್ಲವನ್ನೂ ಎಲ್ಲರೂ ತಮ್ಮ ಮನೆಯ ಟಿವಿಯಲ್ಲೇ ನೋಡಬಹುದು. ಆಕ್ಷೇಪವಿದ್ದರೆ ಇಂದು ರಾತ್ರಿಯೊಳಗೆ ತಿಳಿಸಿ, ನಾಳೆ ಆರ್ಡರ್ ಹಾಕುತ್ತೇನೆ.

ನಾನು: ಅಣ್ಣ, ದಯವಿಟ್ಟು ನಾಳೆ ಆರ್ಡರ್ ಹಾಕಬೇಡ. ನಮ್ಮಲ್ಲಿ ಇರುವುದು ಎಷ್ಟು ಎಂದು ಮೊದಲು ಅಳೆಯೋಣ. ಅಜ್ಜನ ತಾಳಮದ್ದಳೆಯ ಕ್ಯಾಸೆಟ್ಟುಗಳು 42. ಒಂದೊಂದೂ 90 ನಿಮಿಷದ್ದು, ಅಂದರೆ 63 ಗಂಟೆ. ಸಿಡಿಯ ಗುಣಮಟ್ಟದಲ್ಲಿ, ಕುಗ್ಗಿಸದೆ ಇಟ್ಟರೂ 40 ಜಿಬಿ. ಮದುವೆ, ಉಪನಯನಗಳ ಮಿನಿ ಡಿವಿ (ಹಳೆಯ ವಿಡಿಯೋ ಕ್ಯಾಮೆರಾದ) ಟೇಪುಗಳು 11, ಒಂದೊಂದೂ ಒಂದು ಗಂಟೆಯದು. ಗಂಟೆಗೆ 13 ಜಿಬಿಯಂತೆ 143 ಜಿಬಿ. ಆರೂ ಮನೆಗಳ ಫೋಟೋ ಮತ್ತು ಫೋನಿನ ವಿಡಿಯೋಗಳನ್ನು ಹೋದ ವಾರ ಕೂಡಿಸಿ ನೋಡಿದೆ, 900 ಜಿಬಿಯ ಆಸುಪಾಸು. ಎಲ್ಲ ಸೇರಿ 1.1 ಟಿಬಿ ದಾಟುವುದಿಲ್ಲ. ಅಷ್ಟಕ್ಕೆ 24 ಟಿಬಿ ಜಾಗ ಮಾಡಿ ಅದನ್ನು ಒಂದೇ ಮನೆಯ ಒಂದೇ ಪೆಟ್ಟಿಗೆಯಲ್ಲಿ ಇಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಶಿವಮೊಗ್ಗ ಅತ್ತೆ: ಇಷ್ಟೆಲ್ಲ ಖರ್ಚು ಏಕೆ? ಫೋನಿನ ಫೋಟೋಗಳು ತಾವಾಗಿಯೇ ಕ್ಲೌಡಿಗೆ ಹೋಗುತ್ತವಲ್ಲ.

ನಾನು: ಅತ್ತೆ, ನೀವು ಕಳೆದ ವರ್ಷ ಫೋನಿನಲ್ಲಿ ಜಾಗ ಮಾಡಲೆಂದು ಅಳಿಸಿದ ಫೋಟೋಗಳು ಕ್ಲೌಡಿನಿಂದಲೂ ಹೋದದ್ದು ನೆನಪಿದೆಯಲ್ಲವೇ? ಎರಡು ಕಡೆ ಒಂದೇ ರೀತಿ ಇಡುವ ವ್ಯವಸ್ಥೆ ನಮ್ಮ ತಪ್ಪನ್ನೂ ಎರಡು ಕಡೆ ಒಂದೇ ರೀತಿ ಮಾಡುತ್ತದೆ. ರೇಡ್ ವಿಷಯದಲ್ಲಿಯೂ ನಾನು ಹೇಳುತ್ತಿರುವುದು ಇದನ್ನೇ. ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತದೆ, ನಿಜ; ಆದರೆ ಯಾರೋ ಅಳಿಸಿದರೆ, ವೈರಸ್ ಬಂದು ಫೈಲುಗಳನ್ನು ಬೀಗ ಹಾಕಿದಂತೆ ಮಾಡಿದರೆ, ಕಳ್ಳತನವಾದರೆ, ನಾಲ್ಕು ಡಿಸ್ಕ್‌ಗಳಿದ್ದೂ ಒಂದೂ ಇಲ್ಲದಂತೆ. ನಮ್ಮ ಮನೆಗೆ ಆ ಮೇ ತಿಂಗಳಲ್ಲಿ ಸಿಡಿಲು ಬಡಿದಾಗ ಮೋಡೆಮ್, ಕಂಪ್ಯೂಟರ್, ಅದಕ್ಕೆ ಸಿಕ್ಕಿಸಿದ್ದ ಹಾರ್ಡ್ ಡಿಸ್ಕ್ ಮೂರೂ ಒಟ್ಟಿಗೆ ಸುಟ್ಟವು. ವೀಣೆಯ ಹಬ್ಬದ ಎರಡು ವರ್ಷದ ರೆಕಾರ್ಡಿಂಗ್ ಆ ಡಿಸ್ಕ್‌ನಲ್ಲಿ ಮಾತ್ರ ಇತ್ತು. ಅದು ಮತ್ತೆ ಸಿಗಲಿಲ್ಲ.

ಬೆಂಗಳೂರು ಅಣ್ಣ: ಇಲ್ಲಿ ಯುಪಿಎಸ್ ಇದೆ, ನಿಮ್ಮಲ್ಲಿಯಂತೆ ಸಿಡಿಲೂ ಇಲ್ಲ. ಮುಂದಿನ ಹತ್ತು ವರ್ಷವನ್ನೂ ನೋಡಬೇಕಲ್ಲ? ಮಕ್ಕಳ 4ಕೆ ವಿಡಿಯೋ ಒಂದು ನಿಮಿಷಕ್ಕೇ ನೂರಾರು ಎಂಬಿ ತಿನ್ನುತ್ತದೆ.

ನಾನು: ಬೆಳೆಯುತ್ತದೆ ಎಂಬುದನ್ನು ಒಪ್ಪುತ್ತೇನೆ, ಆದ್ದರಿಂದ ನಾಲ್ಕು ಖಾನೆಯ ಪೆಟ್ಟಿಗೆಯನ್ನೇ ತೆಗೆದುಕೊಳ್ಳೋಣ. ಈಗ ಎರಡೇ ಡಿಸ್ಕ್ ಹಾಕಿ, ಒಂದರ ಪ್ರತಿಬಿಂಬವಾಗಿ ಇನ್ನೊಂದು ಇರುವಂತೆ ಮಾಡೋಣ. 8 ಟಿಬಿ ಸಿಗುತ್ತದೆ. ತುಂಬಿದಾಗ ಇನ್ನೊಂದು ಜೋಡಿ ಸೇರಿಸಬಹುದು. ಡಿಸ್ಕ್ ಕೊಳ್ಳುವಾಗ ಸಿಎಂಆರ್ (ದತ್ತಾಂಶದ ಗೆರೆಗಳನ್ನು ಪಕ್ಕಪಕ್ಕದಲ್ಲಿ ಬಿಡಿಯಾಗಿ ಬರೆಯುವ ಬಗೆ) ಎಂದು ಖಚಿತಪಡಿಸಿಕೊಂಡೇ ಕೊಳ್ಳಬೇಕು. ಎಸ್‌ಎಂಆರ್ ಎಂಬ ಇನ್ನೊಂದು ಬಗೆಯ ಡಿಸ್ಕ್‌ನಲ್ಲಿ ಈ ಗೆರೆಗಳು ಮಂಗಳೂರು ಹಂಚಿನಂತೆ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತವೆ. ನಡುವಿನ ಒಂದು ಹಂಚು ಬದಲಿಸಲು ಮೇಲಿನ ಹಂಚುಗಳನ್ನು ಎತ್ತಲೇಬೇಕಾದ ಹಾಗೆ, ಒಂದು ಗೆರೆ ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕಾಗುತ್ತದೆ. ಕೆಟ್ಟ ಡಿಸ್ಕ್ ಬದಲಿಸಿ ಹೊಸದಕ್ಕೆ ಎಲ್ಲವನ್ನೂ ತುಂಬುವಾಗ ಇದು ತೀರಾ ನಿಧಾನ. ಒಳ್ಳೆಯ 8 ಟಿಬಿ ಡಿಸ್ಕ್ ಪೂರ್ತಿ ತುಂಬಿದ್ದರೆ ಅದಕ್ಕೇ ಅರ್ಧ ದಿನ ಬೇಕು, ಆ ಅರ್ಧ ದಿನ ಉಳಿದ ಡಿಸ್ಕ್ ಬಿಡುವಿಲ್ಲದೆ ದುಡಿಯುತ್ತದೆ.

ಉಳಿಯುವ ಹಣದಲ್ಲಿ, ಸರ್ವರ್‌ನಲ್ಲಿರುವುದರ ಪ್ರತಿ ಇಡಲು 4 ಟಿಬಿಯ ಎರಡು ಯುಎಸ್‌ಬಿ ಡಿಸ್ಕ್ ಕೊಳ್ಳೋಣ. ಒಂದು ಅತ್ತೆಯ ಮನೆಯ ಕಪಾಟಿನಲ್ಲಿ, ಯಾವುದಕ್ಕೂ ಸಿಕ್ಕಿಸದೆ ಇರಲಿ. ಇನ್ನೊಂದು ನಿನ್ನ ಹತ್ತಿರ ಇರಲಿ. ಯುಗಾದಿ, ಗಣೇಶನ ಹಬ್ಬ, ದೀಪಾವಳಿಗೆ ನೀನು ಹೇಗೂ ಶಿವಮೊಗ್ಗದ ಮೇಲೆಯೇ ಊರಿಗೆ ಬರುತ್ತೀಯ. ಹೊಸದಾಗಿ ಪ್ರತಿ ಮಾಡಿದ ಡಿಸ್ಕ್ ಕೊಟ್ಟು ಹಳೆಯದನ್ನು ಒಯ್ದರಾಯಿತು. ಹಬ್ಬದಲ್ಲಿ ಡಿಸ್ಕ್ ಬದಲಾಗುವವರೆಗೆ ಫೋನಿನ ಫೋಟೋಗಳನ್ನು ಯಾರೂ ಅಳಿಸಬಾರದು, ಅಷ್ಟೆ.

ಅಮೆರಿಕ ಅಕ್ಕ: ಇಲ್ಲಿಂದ ನೋಡುವುದಕ್ಕಾಗಿ ಸರ್ವರನ್ನು ಇಂಟರ್ನೆಟ್ಟಿಗೆ ತೆರೆದಿಡುತ್ತೀರಾ? ನನಗೆ ಅದೇ ಭಯ.

ಬೆಂಗಳೂರು ಅಣ್ಣ: ಇಲ್ಲ ಅಕ್ಕ, ಟೇಲ್‌ಸ್ಕೇಲ್ ಎಂಬ ಖಾಸಗಿ ಜಾಲದ ತಂತ್ರಾಂಶ ಹಾಕುತ್ತೇನೆ. ನಮ್ಮ ಆರು ಮನೆಗಳ ಸಾಧನಗಳಿಗೆ ಮಾತ್ರ ದಾರಿ, ರೌಟರ್‌ನಲ್ಲಿ ಯಾವ ಬಾಗಿಲನ್ನೂ ತೆರೆಯುವುದಿಲ್ಲ. ಟಿವಿಯಲ್ಲಿ, ಫೋನಿನಲ್ಲಿ ನೋಡಲು ಜೆಲ್ಲಿಫಿನ್ ಎಂಬ ತಂತ್ರಾಂಶ, ಅದು ಉಚಿತ.

ದೊಡ್ಡಪ್ಪ: ನೀವು ಹೇಳುವ ಅರ್ಧ ನನಗೆ ತಿಳಿಯಲಿಲ್ಲ. ನನ್ನ ಪ್ರಶ್ನೆ ಒಂದೇ. ಇದನ್ನು ಕಟ್ಟಿದವರು ಇಲ್ಲದಾಗ ಇದನ್ನು ತೆರೆಯುವವರು ಯಾರು? ಅಪ್ಪಯ್ಯನ ಕ್ಯಾಸೆಟ್ಟಿಗೆ ಟೇಪ್ ರೆಕಾರ್ಡರ್ ಒಂದಿದ್ದರೆ ಸಾಕಿತ್ತು.

ನಾನು: ದೊಡ್ಡಪ್ಪ, ಈ ಪ್ರಶ್ನೆಯನ್ನು ನಾವೇ ಮೊದಲು ಕೇಳಿಕೊಳ್ಳಬೇಕಿತ್ತು. ಪೆಟ್ಟಿಗೆಯ ಒಳಗಿನ ಡಿಸ್ಕ್‌ಗಳನ್ನು ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ಇಡುತ್ತೇವೆ, ಒಂದೇ ಒಂದು ಅಕ್ಷರ ಕೆಟ್ಟರೂ ಅದು ಕಂಡುಹಿಡಿದು ಜೋಡಿ ಡಿಸ್ಕ್‌ನಿಂದ ಸರಿಪಡಿಸುತ್ತದೆ; ಆದರೆ ಅವನ್ನು ಸಾಮಾನ್ಯ ವಿಂಡೋಸ್ ಕಂಪ್ಯೂಟರ್ ಓದಲಾರದು. ಆದ್ದರಿಂದ ಅತ್ತೆಯ ಮನೆಯ ಡಿಸ್ಕ್ ಯಾವುದೇ ಕಂಪ್ಯೂಟರಿಗೆ ಸಿಕ್ಕಿಸಿದರೂ ತೆರೆಯುವಂತಿರಲಿ, ಒಳಗೆ ವರ್ಷ ಮತ್ತು ಸಂದರ್ಭದ ಹೆಸರಿನ ಫೋಲ್ಡರುಗಳು ಮಾತ್ರ ಇರಲಿ. ಗುಪ್ತಪದಗಳನ್ನು ಕಾಗದದಲ್ಲಿ ಬರೆದು ನಿಮ್ಮ ಕಪಾಟಿನಲ್ಲಿ, ಜಮೀನಿನ ಪತ್ರಗಳ ಜೊತೆ ಇಡುತ್ತೇನೆ.

ಬೆಂಗಳೂರು ಅಣ್ಣ: ಸರಿ, ಎರಡು ಡಿಸ್ಕ್‌ಗೆ ಒಪ್ಪಿದೆ. ಆದರೆ ಸಿನಿಮಾ ಬೇಡವೆಂದರೆ ಮಕ್ಕಳು ಈ ಕಡೆ ತಿರುಗಿಯೂ ನೋಡುವುದಿಲ್ಲ.

ನಾನು: ಸಿನಿಮಾ ಇರಲಿ, ಹಬ್ಬದ ಡಿಸ್ಕ್‌ಗೆ ಮಾತ್ರ ಅದನ್ನು ಹಾಕಬೇಡ. ಅದು ಹೋದರೆ ಮತ್ತೆ ತರಬಹುದು. ನಿನ್ನೆ ನಾನು ತೆರೆದ ಕ್ಯಾಸೆಟ್ಟಿನ ಮೇಲೆ ಅಜ್ಜನ ನೀಲಿ ಶಾಯಿಯಲ್ಲಿ ‘ಊರ ದೇವಸ್ಥಾನ, 1987, ಬದಿ 1’ ಎಂದಿತ್ತು. ಟೇಪಿನ ಅಂಚಿಗೆ ಬಿಳಿ ಬೂಸ್ಟು ಹಿಡಿದಿತ್ತು, ಒತ್ತಿ ಹಿಡಿಯುವ ಸ್ಪಂಜು ಉದುರಿತ್ತು. ಎರಡೂ ಸುರುಳಿಗಳನ್ನು ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಿ ನುಡಿಸಿದೆ. ಹನ್ನೊಂದನೆಯ ನಿಮಿಷದಲ್ಲಿ ಅಜ್ಜ ಅರ್ಥ ಹೇಳುತ್ತಾ ನಡುವೆ ಕೆಮ್ಮಿ, ನೀರು ಕೇಳುತ್ತಾರೆ. 42ರಲ್ಲಿ 17 ಇನ್ನೂ ಬಾಕಿ, ಮಳೆಗಾಲಕ್ಕೆ ಮುಂಚೆ ಅವು ಅಟ್ಟದಿಂದ ಇಳಿಯಬೇಕು.

ಶಿವಮೊಗ್ಗ ಅತ್ತೆ: ಆ ಹನ್ನೊಂದನೆಯ ನಿಮಿಷವನ್ನು ಈಗಲೇ ಇಲ್ಲಿ ಹಾಕು. ಕಪಾಟಿನಲ್ಲಿ ಜಾಗ ನಾನು ಮಾಡುತ್ತೇನೆ.